ಎರಡು ಎದುರಾಳಿ ಕಂಪನಿ, ಒಬ್ಬರೇ ಡೈರೆಕ್ಟರ್

ಪೈಪೋಟಿಯಲ್ಲಿರುವ ಎರಡು ಕಂಪನಿಗಳ ಬೋರ್ಡಿನಲ್ಲಿ ಒಬ್ಬರೇ ಕೂರಬಹುದೇ ಅಂತ ಕೇಳಿದ್ದೀರಿ. ಅಮೆರಿಕದಲ್ಲಿ 1914ರ ಕ್ಲೇಟನ್ ಕಾಯ್ದೆಯ 8ನೇ ಸೆಕ್ಷನ್ ಇದಕ್ಕೆ ಬಹುಮಟ್ಟಿಗೆ ಅಡ್ಡ. ಗೂಗಲ್‌ನ ಆಗಿನ ಸಿಇಒ ಎರಿಕ್ ಶ್ಮಿಟ್ 2009ರಲ್ಲಿ ಆಪಲ್ ಬೋರ್ಡ್ ಬಿಟ್ಟದ್ದು ಗೂಗಲ್‌ನ ಆಂಡ್ರಾಯ್ಡ್, ಕ್ರೋಮ್ ಓಎಸ್ ಆಪಲ್‌ಗೆ ಎದುರು ನಿಂತಾಗ; ಸಭೆಯ ಮಧ್ಯೆ ಎದ್ದುಹೋಗಬೇಕಾದ ವಿಷಯಗಳೇ ಹೆಚ್ಚಾಗಿದ್ದವು.

ನಮ್ಮಲ್ಲಿ ಅಂಥ ನೇರ ನಿಷೇಧವಿಲ್ಲ. 2013ರ ಕಂಪನಿ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಪ್ರತಿ ಆರ್ಥಿಕ ವರ್ಷದ ಮೊದಲ ಬೋರ್ಡ್ ಸಭೆಯಲ್ಲಿ ಎಂಬಿಪಿ-1, ಅಂದರೆ ಬೇರೆ ಯಾವ ಕಂಪನಿಗಳಲ್ಲಿ ತಮಗೆ ಹಿತಾಸಕ್ತಿ ಇದೆ ಎಂದು ಡೈರೆಕ್ಟರ್ ತಿಳಿಸುವ ಫಾರಂ, ಕೊಡಬೇಕು. ಆದರೆ ಫಾರಂ ತುಂಬಿದರೆ ಮುಗಿಯಲಿಲ್ಲ. ಎಡವಟ್ಟಾಗುವುದು ಅಜೆಂಡಾ ಟಿಪ್ಪಣಿಯಲ್ಲಿ: ಮುಂದಿನ ತ್ರೈಮಾಸಿಕದ ದರ, ಟೆಂಡರ್ ಮೊತ್ತ ಸಭೆಗೆ ಮೊದಲೇ ಮೇಲ್‌ನಲ್ಲಿ ಬಂದಿರುತ್ತದೆ. ಆ ಪುಟಗಳನ್ನು ಕಳಿಸಲೇಬೇಡಿ ಎಂದು ಕಂಪನಿ ಸೆಕ್ರೆಟರಿಗೆ ಲಿಖಿತವಾಗಿ ಹೇಳಿ. ಚರ್ಚೆ ಶುರುವಾಗುವ ಮೊದಲೇ ಹೊರಬಂದು, ಅದನ್ನು ಮಿನಿಟ್ಸ್‌ನಲ್ಲಿ ಬರೆಸಿ. ಮತ ಹಾಕದೆ ಸುಮ್ಮನೆ ಕೂತರೆ ಸಾಲದು, ಕಿವಿ ತೆರೆದೇ ಇರುತ್ತದಲ್ಲ!