ಹುಳುಕಡ್ಡಿಗೆ ತಗಚೆ ಸಾರ: ಮೇಣದ ಹುಳುವಿನ ಮೇಲೆ ಪರೀಕ್ಷೆ ಮಾಡಬಹುದೇ?

ನೀವು ಕೇಳಿದ್ದು ಇಷ್ಟು: ಪುಣೆಯಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ., ತಗಚೆ ಬೀಜದ (ಅಲ್ಲಿಯವರ ಟಾಕಳಾ) ಸಾರ ಹುಳುಕಡ್ಡಿಯ ಶಿಲೀಂಧ್ರವನ್ನು ಪೆಟ್ರಿ ತಟ್ಟೆಯಲ್ಲಿ ತಡೆದಿದೆ, ಗಿನಿಪಿಗ್ ಪ್ರಯೋಗಕ್ಕೆ ದುಡ್ಡೂ ಇಲ್ಲ, ಸಮಯವೂ ಇಲ್ಲ. ಮೇಣದ ಹುಳುವಿನ ಮೇಲೆ ಮಾಡಿ 'ಚರ್ಮದ ಸೋಂಕು ವಾಸಿಯಾಯಿತು' ಎಂದು ಬರೆಯಬಹುದೇ? ಪ್ರಯೋಗ ಖಂಡಿತ ಮಾಡಬಹುದು. ಹಾಗೆ ಬರೆಯುವಂತಿಲ್ಲ.

ಹುಳುಕಡ್ಡಿಯಲ್ಲಿ ಹುಳು ಇಲ್ಲ, ಹೆಸರಿನಲ್ಲಿ ಮಾತ್ರ ಇದೆ. ಅದನ್ನು ಉಂಟುಮಾಡುವ ಟ್ರೈಕೊಫೈಟಾನ್ ಶಿಲೀಂಧ್ರ ತಿನ್ನುವುದು ಕೆರಾಟಿನ್: ನಮ್ಮ ಚರ್ಮದ ಸತ್ತ ಪದರ, ಕೂದಲು, ಉಗುರು. ಮೇಣದ ಪತಂಗದ (ಗ್ಯಾಲೇರಿಯಾ ಮೆಲೊನೆಲ್ಲಾ) ಮರಿಹುಳುವಿನ ಹೊರಕವಚ ಕೈಟಿನ್‌ನದು, ಅಲ್ಲಿ ಕೆರಾಟಿನ್ ಇಲ್ಲವೇ ಇಲ್ಲ. ನಾವು ಸೂಜಿಯಿಂದ ಬೀಜಕಣಗಳನ್ನು ನೇರ ಅದರ ರಕ್ತಕ್ಕೆ, ಅಂದರೆ ಹೀಮೋಲಿಂಫ್‌ಗೆ ಬಿಡುತ್ತೇವೆ. ಹಾಗಾಗಿ ಹುಳು ಉತ್ತರಿಸುವುದು ಮೂರು ಪ್ರಶ್ನೆಗಳಿಗೆ: ಯಾವ ತಳಿ ಹೆಚ್ಚು ಉಗ್ರ, ಮದ್ದು ಜೀವವಿರುವ ದೇಹದೊಳಗೂ ಕೆಲಸ ಮಾಡುತ್ತದೆಯೇ, ಮದ್ದೇ ವಿಷವಾಗುತ್ತದೆಯೇ. ಮುಲಾಮು ಚರ್ಮದೊಳಗೆ ಇಳಿಯುತ್ತದೆಯೇ, ತುರಿಕೆ ನಿಲ್ಲುತ್ತದೆಯೇ ಎಂಬುದಕ್ಕೆ ಅದರ ಬಳಿ ಉತ್ತರವಿಲ್ಲ. ಅದಕ್ಕೆ ಟಿ-ಜೀವಕೋಶಗಳೂ ಪ್ರತಿಕಾಯಗಳೂ ಇಲ್ಲ. ಇರುವುದು ಶಿಲೀಂಧ್ರವನ್ನು ನುಂಗುವ ರಕ್ತಕಣಗಳು, ಸೂಕ್ಷ್ಮಾಣು ಕೊಲ್ಲುವ ಪೆಪ್ಟೈಡ್‌ಗಳು ಮತ್ತು ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ.

ತಳಿಯನ್ನು ಮೊದಲು ಗುರುತಿಸಿಕೊಳ್ಳಿ. ಈಗ ನಮ್ಮ ದೇಶದಲ್ಲಿ ಮದ್ದಿಗೆ ಬಗ್ಗದೆ ಹಬ್ಬುತ್ತಿರುವುದು ಹೆಚ್ಚಾಗಿ ಟ್ರೈಕೊಫೈಟಾನ್ ಇಂಡೊಟಿನಿಯೆ, ಆ ಹೆಸರು ಬಂದದ್ದು 2020ರಲ್ಲಿ. ಅದರ ಸ್ಕ್ವಾಲೀನ್ ಎಪಾಕ್ಸಿಡೇಸ್ ಕಿಣ್ವದ 397ನೇ ಜಾಗದಲ್ಲಿ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ ಹೋಗಿ ಲ್ಯೂಸಿನ್ ಬಂದಿದ್ದರೆ ಹುಳುಕಡ್ಡಿಯ ಸಾಮಾನ್ಯ ಮದ್ದಾದ ಟರ್ಬಿನಾಫಿನ್ ನಾಟುವುದಿಲ್ಲ. ಅಂಥ ತಳಿ ಇಟ್ಟುಕೊಂಡು ಟರ್ಬಿನಾಫಿನ್ ಅನ್ನೇ ಹೋಲಿಕೆಯ ಮದ್ದಾಗಿ ಕೊಟ್ಟರೆ ನಿಮ್ಮ ಇಡೀ ಪ್ರಯೋಗ ಬಿದ್ದುಹೋಗುತ್ತದೆ. ಗುರುತಿಸಿದ ತಳಿ ನಿಮ್ಮೂರಲ್ಲೇ ಸಿಗುತ್ತದೆ. ರಾಷ್ಟ್ರೀಯ ಶಿಲೀಂಧ್ರ ಸಂಗ್ರಹ ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿದೆ. ರೋಗಿಯಿಂದ ತೆಗೆದ ತಳಿಯಾದರೆ ಮಾನವ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಹುಳುಗಳಿಗೆ ಪ್ರಾಣಿ ನೈತಿಕ ಸಮಿತಿಯನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಆದರೂ ಒಂದು ಪತ್ರ ಕೊಟ್ಟು ತಿಳಿಸಿಡುವುದು ಒಳ್ಳೆಯದು.

ಹುಳು ಎಲ್ಲಿ ಸಿಗುತ್ತದೆ? ಜೇನು ಸಾಕುವವರ ಬಳಿ, ಅದೂ ಪುಕ್ಕಟೆ, ಏಕೆಂದರೆ ಅವರಿಗೆ ಇದು ಶನಿ. ತುಡುವೆ ಜೇನಿನ ಹಳೆಯ ಎರಿಗಳನ್ನು ಕೊರೆದು ಬಲೆ ನೇಯುತ್ತದೆ, ಕೊನೆಗೆ ಕುಟುಂಬವೇ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಮಹಾಬಳೇಶ್ವರದ ಕಡೆಯ ಸಾಕಣೆದಾರರನ್ನು ಕೇಳಿ, 'ಮೇಣದ ಅಳಿ' ಎಂದರೆ ಅರ್ಥವಾಗುತ್ತದೆ. ಪುಣೆಯ ಶಿವಾಜಿನಗರದಲ್ಲೇ ಖಾದಿ ಆಯೋಗದ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆ ಇದೆ, 1962ರಿಂದ. ಅಲ್ಲಿಂದಲೂ ವಿಚಾರಣೆ ಶುರುಮಾಡಬಹುದು. ಎರಿಯಲ್ಲಿ ಇದರ ಚಿಕ್ಕ ನೆಂಟನೂ (ಅಕ್ರೋಯಿಯಾ) ಸೇರಿರುತ್ತದೆ, ತೂಕದಲ್ಲೇ ಸಿಕ್ಕಿಬೀಳುತ್ತದೆ. ಆದರೆ ಎರಿಯಿಂದ ತಂದ ಹುಳುವನ್ನು ನೇರ ಪ್ರಯೋಗಕ್ಕೆ ಹಾಕಬೇಡಿ. ಪೆಟ್ಟಿಗೆಗೆ ಏನು ಮದ್ದು ಹೊಡೆದಿದ್ದರೋ ಗೊತ್ತಿರುವುದಿಲ್ಲ. ಒಂದು ತಲೆಮಾರು ನೀವೇ ಸಾಕಿ.

ಆಹಾರಕ್ಕೆ ಮೆಕ್ಕೆಜೋಳದ ಹಿಟ್ಟು 200 ಗ್ರಾಂ, ಗೋಧಿ ಬೂಸಾ 200 ಗ್ರಾಂ, ಹಾಲಿನ ಪುಡಿ 100 ಗ್ರಾಂ, ಒಣ ಯೀಸ್ಟ್ 50 ಗ್ರಾಂ. ಇದಕ್ಕೆ ಜೇನುತುಪ್ಪ ಮತ್ತು ಗ್ಲಿಸರಾಲ್ ತಲಾ 150 ಮಿ.ಲೀ., ಕರಗಿಸಿದ ಜೇನುಮೇಣ 30 ಗ್ರಾಂ. ಉಂಡೆ ಕಟ್ಟಿದರೆ ನಿಲ್ಲಬೇಕು, ಕೈಗೆ ಅಂಟಬಾರದು. ನೀರು ಬೇಡ, ಹಾಕಿದರೆ ನಮ್ಮ ಕಡೆಯ ಜುಲೈ ತಿಂಗಳಲ್ಲಿ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಶಿಲೀಂಧ್ರದ ಪ್ರಯೋಗದಲ್ಲಿ ಬೂಷ್ಟು ಹಿಡಿದ ಆಹಾರಕ್ಕಿಂತ ದೊಡ್ಡ ಶಾಪ ಬೇರಿಲ್ಲ. ಗಾಜಿನ ಭರಣಿಗೆ ಉಕ್ಕಿನ ಜಾಲರಿ ಮುಚ್ಚಳವೇ ಆಗಬೇಕು. ಪ್ಲಾಸ್ಟಿಕ್, ಬಟ್ಟೆ, ರಟ್ಟು ಎಲ್ಲವನ್ನೂ ಕೊರೆದು ಹೊರಬರುತ್ತವೆ. ಕತ್ತಲಲ್ಲಿ 28ರಿಂದ 30 ಡಿಗ್ರಿ ಇಟ್ಟರೆ ಮೊಟ್ಟೆಯಿಂದ ಕೊನೆಯ ಹಂತಕ್ಕೆ ಸುಮಾರು 6 ವಾರ.

ಬೇಕಾದದ್ದು 250ರಿಂದ 350 ಮಿಲಿಗ್ರಾಂ ತೂಗುವ, ಕೆನೆಬಣ್ಣದ, ಒಂದೂ ಕಪ್ಪು ಚುಕ್ಕೆಯಿಲ್ಲದ, ಬೆನ್ನ ಮೇಲೆ ಮಲಗಿಸಿದರೆ ತಕ್ಷಣ ತಿರುಗುವ ಹುಳು. ಆರಿಸಿದ ಮೇಲೆ 15 ಡಿಗ್ರಿಯಲ್ಲಿ ಕತ್ತಲಲ್ಲಿಡಿ, ಆದರೆ ವಾರಗಟ್ಟಲೆ ಉಪವಾಸ ಕೆಡವಬೇಡಿ. ಹಸಿದ ಹುಳುವಿನ ರಕ್ತಕಣಗಳು ಇಳಿದು ಪ್ರತಿರೋಧ ಕುಗ್ಗುತ್ತದೆ. ಸೋಮವಾರದ ಗುಂಪಿಗೂ ಮುಂದಿನ ಸೋಮವಾರದ ಗುಂಪಿಗೂ ಫಲಿತಾಂಶ ತಾಳೆಯಾಗದಿರಲು ಎಷ್ಟೋ ಸಲ ಇದೇ ಕಾರಣ.

ಬೀಜಕಣ ತೆಗೆಯುವುದು ಈ ಕೆಲಸದ ಅತ್ಯಂತ ಕಿರಿಕಿರಿಯ ಭಾಗ. ಟ್ರೈಕೊಫೈಟಾನ್ ಮೆಂಟಾಗ್ರೊಫೈಟಿಸ್ ಗುಂಪಿನವು (ಇಂಡೊಟಿನಿಯೆ ಇದರಲ್ಲೇ) ಪೊಟೇಟೊ ಡೆಕ್ಸ್‌ಟ್ರೋಸ್ ಅಗಾರ್ ಮೇಲೆ 30 ಡಿಗ್ರಿಯಲ್ಲಿ 10-14 ದಿನಕ್ಕೆ ಹಿಟ್ಟು ಚೆಲ್ಲಿದಂತೆ ಬೀಜಕಣ ಕೊಡುತ್ತವೆ. ಅದೇ ಕುಲದ ರೂಬ್ರಮ್ ಜಿಪುಣ, ಅದಕ್ಕೆ ಓಟ್ಸ್ ಅಗಾರ್ ಹಾಕಿ, ಹೆಚ್ಚು ತಟ್ಟೆ ಬೆಳೆಸಿ. 0.05% ಟ್ವೀನ್ 80 (ಸೋಪಿನಂಥ ದ್ರವ) ಬೆರೆಸಿದ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರು) ಸುರಿದು ಮೆಲ್ಲಗೆ ಕೆರೆದು, ಸ್ಟೆರೈಲ್ ಗಾಜಿನ ಉಣ್ಣೆಯಲ್ಲಿ ಸೋಸಿ, ಎರಡು ಸಲ ತೊಳೆದು ನ್ಯೂಬಾವರ್ ಕೋಣೆಯಲ್ಲಿ (ಗೆರೆ ಎಳೆದ ಎಣಿಕೆ ಗಾಜು) ಎಣಿಸಿ. ಶಿಲೀಂಧ್ರದ ಎಳೆಗಳ ತುಂಡು ಉಳಿದರೆ ಸೂಜಿಯೂ ಕಟ್ಟುತ್ತದೆ, ಎಣಿಕೆಯೂ ಸುಳ್ಳಾಗುತ್ತದೆ. ಲೆಕ್ಕ ಹೀಗೆ: 10 ಮೈಕ್ರೋಲೀಟರ್‌ನಲ್ಲಿ 10 ಲಕ್ಷ ಬೀಜಕಣ ಹೋಗಬೇಕೆಂದರೆ ದ್ರಾವಣದಲ್ಲಿ ಮಿ.ಲೀ.ಗೆ 10 ಕೋಟಿ ಇರಬೇಕು. ಮೊದಲ ಸುತ್ತಿನಲ್ಲಿ ಹುಳುವಿಗೆ 1 ಲಕ್ಷ, 10 ಲಕ್ಷ, 50 ಲಕ್ಷ ಎಂದು ಮೂರು ಪ್ರಮಾಣ ನೋಡಿ, ಅರ್ಧದಷ್ಟಾದರೂ ಹುಳು ಕಾಯಿಲೆ ಬೀಳುವ ಪ್ರಮಾಣ ಹಿಡಿಯಿರಿ. ಅದೇ ದ್ರಾವಣವನ್ನು ತಟ್ಟೆಗೂ ಹಚ್ಚಿ. ಎಣಿಸಿದ ಬೀಜಕಣಗಳಲ್ಲಿ ಬದುಕಿರುವುದೆಷ್ಟು ಎಂದು ಅದರಿಂದ ತಿಳಿಯುತ್ತದೆ.

ಚುಚ್ಚುವ ಜಾಗ ಕೊನೆಯ ಜೋಡಿ ಹುಸಿಗಾಲಿನ (ಹೊಟ್ಟೆಯ ಕೆಳಗಿನ ಮೆತ್ತನೆಯ ಕಾಲು) ಎಡಗಾಲು. ಹ್ಯಾಮಿಲ್ಟನ್ ಸಿರಿಂಜ್ ಇದ್ದರೆ ಅದೇ ಸರಿ. ಇನ್ಸುಲಿನ್ ಸಿರಿಂಜ್‌ನಲ್ಲಿ ಮಾಡುವವರು ಒಂದು ವಿಷಯ ಗಮನಿಸಿ: ನಮ್ಮ ಔಷಧಿ ಅಂಗಡಿಗಳಲ್ಲಿ ಎರಡು ಬಗೆ ಇರುತ್ತದೆ. ಯು-100ರಲ್ಲಿ ಒಂದು ಯೂನಿಟ್ ಎಂದರೆ 10 ಮೈಕ್ರೋಲೀಟರ್, ಯು-40ರಲ್ಲಿ 25. ಯು-100 ಎಂದುಕೊಂಡು ಯು-40 ಹಿಡಿದರೆ ಎರಡೂವರೆ ಪಟ್ಟು ಬೀಜಕಣ ಹೋಗಿ ಹುಳುಗಳು ಸಾಲಾಗಿ ಸಾಯುತ್ತವೆ, ನೀವು ತಳಿ ಉಗ್ರವೆಂದು ಬರೆದುಕೊಳ್ಳುತ್ತೀರಿ. ಐಸ್ ಮೇಲೆ ಐದು ನಿಮಿಷ ಇಟ್ಟರೆ ಹುಳು ಒದ್ದಾಡುವುದಿಲ್ಲ. ಸೂಜಿ ಆಳಕ್ಕಿಳಿದು ಕರುಳು ತೂತಾದರೆ ಕಂದು ದ್ರವ ಹೊರಬರುತ್ತದೆ, ಆ ಹುಳುವನ್ನು ಪ್ರಯೋಗದಿಂದ ಕೈಬಿಡಿ. ಚುಚ್ಚಿದ ಜಾಗದಲ್ಲಿ ಸಣ್ಣ ಕಪ್ಪು ಚುಕ್ಕೆ ಸಹಜ. ಒಂದೆರಡು ಗಂಟೆಯಲ್ಲೇ ಇಡೀ ಮೈ ಕಪ್ಪಾದರೆ ಪ್ರಮಾಣ ವಿಪರೀತವಾಗಿದೆ. ಕೈ ಪಳಗಲು ಮೊದಲು ಕ್ಯಾಂಡಿಡಾ ಆಲ್ಬಿಕಾನ್ಸ್ (ಯೀಸ್ಟ್ ಬಗೆಯ ಶಿಲೀಂಧ್ರ) ಹಾಕಿ ನೋಡಿ: ಉಗ್ರ ತಳಿಯ 10 ಲಕ್ಷ ಕಣ 37 ಡಿಗ್ರಿಯಲ್ಲಿ ಒಂದೆರಡು ದಿನದಲ್ಲೇ ಹೆಚ್ಚಿನ ಹುಳುಗಳನ್ನು ಕೊಲ್ಲುತ್ತದೆ. ಕೊಲ್ಲದಿದ್ದರೆ ತಪ್ಪು ನಿಮ್ಮ ಕೈಯಲ್ಲೋ ಎಣಿಕೆಯಲ್ಲೋ ಇದೆ.

ಟ್ರೈಕೊಫೈಟಾನ್‌ಗೆ ನಾನು 32 ಡಿಗ್ರಿ ಹೇಳುತ್ತೇನೆ. ಚರ್ಮದ ಮೇಲಿನ ಬಿಸಿ ಅದರ ಆಸುಪಾಸು, ಮೇಲಾಗಿ ರೂಬ್ರಮ್ 37ರಲ್ಲಿ ಕುಂಟುತ್ತದೆ. ಇದು ನಿಧಾನದ ಶಿಲೀಂಧ್ರ, 7-10 ದಿನ ಕಾಯಬೇಕು, ಅಷ್ಟರಲ್ಲಿ ಕೆಲವು ಹುಳು ಕೋಶಾವಸ್ಥೆಗೆ (ಪತಂಗವಾಗುವ ಮುಂಚಿನ ಹಂತ) ಹೋಗುತ್ತವೆ. ಅವನ್ನು ಸತ್ತವೆಂದು ಎಣಿಸಬೇಡಿ. ಕಾಪ್ಲಾನ್-ಮೈಯರ್ ನಕ್ಷೆಯಲ್ಲಿ (ದಿನದಿನಕ್ಕೆ ಬದುಕುಳಿದವುಗಳ ಗೆರೆ) ಆ ದಿನಕ್ಕೆ 'ಹೊರಗುಳಿದವು' ಎಂದು ಗುರುತಿಸಿ. ಸಾವಿನ ಲೆಕ್ಕವೊಂದೇ ಸಾಲದು, ಏಕೆಂದರೆ ಈ ಶಿಲೀಂಧ್ರ ಕೊಲ್ಲುವುದಕ್ಕಿಂತ ಸೊರಗಿಸುವುದೇ ಹೆಚ್ಚು. ದಿನವೂ ಚಲನೆ, ರೇಷ್ಮೆ ನೇಯ್ಗೆ, ಕಪ್ಪು ಬಣ್ಣ ಮೂರಕ್ಕೂ ಅಂಕ ಕೊಡಿ.

ಇನ್ನು ನಿಮ್ಮ ಸಾರ. ಎಲ್ಲರೂ ಎಡವುವುದು ಇಲ್ಲೇ. ತಗಚೆ ಬೀಜದಲ್ಲಿರುವ ಆಂಥ್ರಾಕ್ವಿನೋನ್‌ಗಳಿಗೆ ತಮ್ಮದೇ ಬಣ್ಣವಿದೆ, ಜೊತೆಗೆ ಗಿಡಗಳ ಫಿನಾಲಿಕ್‌ಗಳು ಮೆಲನಿನ್ ಮಾಡುವ ಕಿಣ್ವವನ್ನೇ ತಡೆಯಬಲ್ಲವು. ಹುಳು ಕಪ್ಪಾಗಲಿಲ್ಲ ಎಂದರೆ ಶಿಲೀಂಧ್ರ ಸತ್ತಿತೆಂದಲ್ಲ, ಹುಳುವಿನ ಕಾವಲು ಮಲಗಿತೆಂದೂ ಇರಬಹುದು. ಎರಡನೆಯದು, ಬರಿಯ ಪಿಬಿಎಸ್ ಚುಚ್ಚಿದರೂ ಹುಳುವಿನ ಪ್ರತಿರೋಧ ಎಚ್ಚರಗೊಳ್ಳುತ್ತದೆ. ಸಾರವನ್ನು ಸೋಂಕಿಗೆ ಮೊದಲೇ ಕೊಟ್ಟರೆ ಯಾವ ಕಷಾಯವೂ ರಾಮಬಾಣವಾಗಿ ಕಾಣುತ್ತದೆ. ಸೋಂಕಾದ 2 ಗಂಟೆಯ ನಂತರ, ಬಲಗಾಲಿಗೆ ಕೊಡಿ. 300 ಮಿಲಿಗ್ರಾಂ ಹುಳುವಿಗೆ ಕಿಲೋಗೆ 100 ಮಿಲಿಗ್ರಾಂ ಎಂದರೆ 30 ಮೈಕ್ರೋಗ್ರಾಂ, ಅಂದರೆ ಮಿ.ಲೀ.ಗೆ 3 ಮಿಲಿಗ್ರಾಂ ದ್ರಾವಣದ 10 ಮೈಕ್ರೋಲೀಟರ್. ಟರ್ಬಿನಾಫಿನ್ ಕಿಲೋಗೆ 10 ಮಿಲಿಗ್ರಾಂ ಆದರೆ ಮಿ.ಲೀ.ಗೆ 300 ಮೈಕ್ರೋಗ್ರಾಂ. ಡಿಎಂಎಸ್‌ಒ (ಸಾರ ಕರಗಿಸುವ ದ್ರಾವಕ) 5% ಮೀರದಿರಲಿ, ದ್ರಾವಣ ಬೆಳಕಿಗೆ ಹಿಡಿದಾಗ ಮಂಜು ಕಾಣದಿರಲಿ.

ಗುಂಪುಗಳು ಎಂಟು: ಮುಟ್ಟದವು, ಪಿಬಿಎಸ್ ಮತ್ತು ಡಿಎಂಎಸ್‌ಒ ಚುಚ್ಚಿದವು, ಬಿಸಿಯಲ್ಲಿ ಕೊಂದ ಬೀಜಕಣ, ಸೋಂಕು ಮಾತ್ರ, ಸೋಂಕಿನ ಜೊತೆ ಟರ್ಬಿನಾಫಿನ್, ಸೋಂಕಿನ ಜೊತೆ ಸಾರದ ಎರಡು ಪ್ರಮಾಣ, ಸೋಂಕಿಲ್ಲದೆ ಸಾರ ಮಾತ್ರ. ಮದ್ದಿಲ್ಲದ ಗುಂಪುಗಳಿಗೂ ಬಲಗಾಲಿಗೆ ಅದೇ ಡಿಎಂಎಸ್‌ಒ ದ್ರಾವಣ ಹೋಗಬೇಕು, ಮುಟ್ಟದವುಗಳನ್ನು ಬಿಟ್ಟು. ಗುಂಪಿಗೆ 15, ಮೂರು ಸಲ ಎಂದರೆ 360 ಹುಳು. ತಿರಸ್ಕಾರ ಸೇರಿಸಿ 500 ಸಾಕಿ. ಪಿಬಿಎಸ್ ಗುಂಪಿನ 15ರಲ್ಲಿ ಎರಡು ಸತ್ತರೆ ಆ ಸುತ್ತನ್ನು ಎಸೆದುಬಿಡಿ. ಮೂರನೇ ದಿನ ಪ್ರತಿ ಗುಂಪಿನಿಂದ ಮೂರು ಹುಳು ಅರೆದು ಕ್ಲೋರಾಂಫೆನಿಕಾಲ್ ಹಾಕಿದ ತಟ್ಟೆಗೆ ಹಚ್ಚಿ, ಇಲ್ಲದಿದ್ದರೆ ಕರುಳಿನ ಎಂಟರೊಕಾಕಸ್ ತಟ್ಟೆ ತುಂಬುತ್ತದೆ. ಈ ಹುಳುಗಳಿಗಾಗಿ ಗುಂಪಿಗೆ ಮೂರು ಹೆಚ್ಚು ಚುಚ್ಚಿಟ್ಟಿರಿ. ಎಳೆಗಳು ಗಂಟುಕಟ್ಟಿದಾಗ ವಸಾಹತು ಎಣಿಕೆ ಕಡಿಮೆ ತೋರಿಸುತ್ತದೆ. ಎರಡು ಹುಳುವನ್ನು ಫಾರ್ಮಲಿನ್‌ನಲ್ಲಿಟ್ಟು ಪಿಎಎಸ್ ಬಣ್ಣ (ಶಿಲೀಂಧ್ರವನ್ನು ಎತ್ತಿ ತೋರಿಸುವ ಬಣ್ಣ) ಹಾಕಿಸಿದರೆ ಎಳೆ ಸೂಕ್ಷ್ಮದರ್ಶಕದಲ್ಲಿ ನೇರ ಕಾಣುತ್ತದೆ.

ಚರ್ಮದ ಮಾತು ಬರೆಯಲೇಬೇಕೆಂದರೆ ಹಂದಿಯ ಕಿವಿ ಇದೆ. ಹಂದಿಮಾಂಸದ ಅಂಗಡಿಯಲ್ಲಿ ಬಿಸಿನೀರು ತಾಗಿಸದ ತಾಜಾ ಕಿವಿ ಕೇಳಿ. ಬಿಸಿನೀರಿಗೆ ಹಾಕಿದರೆ ಮೇಲಿನ ಪದರವೇ ಕಿತ್ತುಬರುತ್ತದೆ. ಚರ್ಮದ ತುಂಡಿನ ಮೇಲೆ ಬೀಜಕಣ ಹಚ್ಚಿ ನಿಮ್ಮ ಮುಲಾಮು ಸವರಿದರೆ ಕೆರಾಟಿನ್ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತದೆ. ಅಲ್ಲಿ ಪ್ರತಿರೋಧ ಶಕ್ತಿಯಿಲ್ಲ, ಹುಳುವಿನಲ್ಲಿ ಚರ್ಮವಿಲ್ಲ, ಎರಡನ್ನೂ ಅಕ್ಕಪಕ್ಕ ಇಟ್ಟು ಬರೆಯಿರಿ.

ಮುಗಿದ ಮೇಲೆ ಹುಳುಗಳನ್ನು ರಾತ್ರಿಯಿಡೀ ಮೈನಸ್ 20ರಲ್ಲಿಟ್ಟು ಆಮೇಲೆ 121 ಡಿಗ್ರಿಯಲ್ಲಿ 30 ನಿಮಿಷ ಆಟೋಕ್ಲೇವ್ ಮಾಡಿ. ಸೋಂಕಿಲ್ಲದ ಉಳಿದ ಪತಂಗಗಳನ್ನೂ ಹಾಗೆಯೇ ತಣ್ಣಗೆ ಕೊಲ್ಲಿ, ಕಿಟಕಿ ತೆರೆದು ಬಿಡಬೇಡಿ. ಹತ್ತಿರದಲ್ಲಿ ಯಾರೋ ಜೇನುಪೆಟ್ಟಿಗೆ ಇಟ್ಟಿರುತ್ತಾರೆ.