ಬಳಸಿದ ಸಿಂಗಲ್ ಆಕ್ಷನ್ ರಿವಾಲ್ವರ್‌ಗೆ ಎಷ್ಟು ಕೊಡಬಹುದು?

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದಲ್ಲಿ ನಿಮ್ಮ ಪರಿಚಯದವರೊಬ್ಬರು ರೂಗರ್ ಕಂಪನಿಯ, ಪ್ರತಿ ಗುಂಡಿಗೂ ಹ್ಯಾಮರ್ (ಹಿಂದಿನ ಸುತ್ತಿಗೆ) ಅನ್ನು ಕೈಯಿಂದ ಎಳೆಯಬೇಕಾದ ಸಿಂಗಲ್ ಆಕ್ಷನ್ ರಿವಾಲ್ವರ್ ಆದ ಹಳೆ ಬ್ಲ್ಯಾಕ್‌ಹಾಕ್ ಮಾರುತ್ತಿದ್ದಾರೆ, .357 ಮ್ಯಾಗ್ನಮ್ (ಗುಂಡಿನ ಅಳತೆ), ಪಕ್ಕದಲ್ಲಿ ಮೂರು ಸ್ಕ್ರೂ ಇರುವಂಥದ್ದು, 800 ಡಾಲರ್ ಹೇಳಿದ್ದಾರೆ, ಕೊಡಬಹುದಾ ಅಂತ. ಗನ್ ನೋಡದೆ ಹೂಂ ಅಥವಾ ಬೇಡ ಅನ್ನಲು ಆಗುವುದಿಲ್ಲ. ಆದರೆ ಈ ಗನ್ನಿನ ಬೆಲೆಯನ್ನು ಎಲ್ಲಕ್ಕಿಂತ ಜಾಸ್ತಿ ಮೇಲೆ ಕೆಳಗೆ ಮಾಡುವುದು ಒಂದೇ ವಿಷಯ. ಅದು ಒಮ್ಮೆ ಕಂಪನಿಗೆ ವಾಪಸ್ ಹೋಗಿ ಬಂದಿದೆಯಾ ಇಲ್ಲವಾ? ಮೊದಲು ಅದನ್ನೇ ಕೇಳಿ.

ಯಾಕೆ ಅಂದರೆ, 1973ಕ್ಕಿಂತ ಮುಂಚಿನ ಸಿಂಗಲ್ ಆಕ್ಷನ್ ರೂಗರ್‌ಗಳಲ್ಲಿ ಹ್ಯಾಮರ್ ಪೂರ್ತಿ ಕೆಳಗಿದ್ದಾಗ ಫೈರಿಂಗ್ ಪಿನ್ (ಗುಂಡು ಸಿಡಿಸುವ ಮೊಳೆ) ನೇರವಾಗಿ ಗುಂಡಿನ ಹಿಂಭಾಗಕ್ಕೆ ಒತ್ತಿಕೊಂಡಿರುತ್ತದೆ. ಕೈಜಾರಿ ಬಿದ್ದರೆ, ಹ್ಯಾಮರ್‌ಗೆ ಪೆಟ್ಟು ಬಿದ್ದರೆ, ಗುಂಡು ಹಾರಬಹುದು. ಅದಕ್ಕೇ ಆರರ ಜಾಗದಲ್ಲಿ ಐದೇ ಗುಂಡು ತುಂಬಿ, ಹ್ಯಾಮರ್ ಅನ್ನು ಖಾಲಿ ಕೋಣೆಯ ಮೇಲೆ ಬಿಡುವ ರೂಢಿ ಬಂದಿದ್ದು. 1973ರಲ್ಲಿ ನ್ಯೂ ಮಾಡೆಲ್ ಬಂತು. ಅದರಲ್ಲಿ ಟ್ರಾನ್ಸ್‌ಫರ್ ಬಾರ್ ಅನ್ನುವ ಪಟ್ಟಿ ಇದೆ, ಟ್ರಿಗರ್ ಒತ್ತಿದಾಗ ಮಾತ್ರ ಹ್ಯಾಮರ್‌ನ ಪೆಟ್ಟು ಪಿನ್ನಿಗೆ ಮುಟ್ಟುತ್ತದೆ. ಮೂರು ಸ್ಕ್ರೂ ಹೋಗಿ ಎರಡು ಪಿನ್ ಬಂದವು. ಹಳೆ ಗನ್ ಇರುವವರು ಕಳಿಸಿಕೊಟ್ಟರೆ ಅದೇ ಥರದ ಭದ್ರತೆಯ ಭಾಗಗಳನ್ನು ಕಂಪನಿ ಪುಕ್ಕಟೆಯಾಗಿ ಕೂರಿಸಿಕೊಡುತ್ತದೆ, ಬಿಚ್ಚಿದ ಹಳೆ ಭಾಗಗಳನ್ನೂ ಗನ್ನಿನ ಜೊತೆ ವಾಪಸ್ ಕಳಿಸುತ್ತದೆ.

ಗುಂಡು ಹಾರಿಸಲು ಬೇಕು ಅನ್ನುವವರಿಗೆ ಈ ಬದಲಾವಣೆ ಒಳ್ಳೆಯದೇ, ನನ್ನ ಮಟ್ಟಿಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆ ಗನ್ ಸಂಗ್ರಹಿಸುವವರಿಗೆ ಕಾರ್ಖಾನೆಯಿಂದ ಮೊದಲು ಹೇಗೆ ಬಂತೋ ಹಾಗೇ ಬೇಕು. ಬೇರೆ ಎಲ್ಲಾ ಒಂದೇ ಆಗಿದ್ದರೂ ಬದಲಾಯಿಸದ ಗನ್ನಿಗೆ ಅವರು ಜಾಸ್ತಿ ಕೊಡುತ್ತಾರೆ. ಬದಲಾಯಿಸಿದ್ದು, ಆದರೆ ಹಳೆ ಭಾಗಗಳ ಚೀಲ ಜೊತೆಗಿದೆ ಅಂದರೆ ಬೆಲೆ ನಡುವೆ ಎಲ್ಲೋ ನಿಲ್ಲುತ್ತದೆ. ಚೀಲ ಕಳೆದುಹೋಗಿದ್ದರೆ ಅದು ಗುಂಡು ಹಾರಿಸುವವರ ಗನ್, ಅದಕ್ಕೆ ಸಂಗ್ರಹಕಾರರ ಬೆಲೆ ಕೇಳಿದರೆ ಕೊಡಬೇಡಿ. ಕೈಯಲ್ಲಿ ಹಿಡಿದಾಗ ಮೊದಲು ಹ್ಯಾಮರ್ ಅನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ, ಪಕ್ಕದ ಗೇಟ್ (ಗುಂಡು ತುಂಬುವ ಬಾಗಿಲು) ತೆಗೆದು, ಸಿಲಿಂಡರ್ (ಗುಂಡಿನ ಕೋಣೆಗಳಿರುವ ಉರುಳೆ) ತಿರುಗಿಸಿ, ಆರೂ ಕೋಣೆ ಖಾಲಿ ಇವೆ ಅಂತ ಕಣ್ಣಾರೆ ನೋಡಿ. ಆಮೇಲೆ ಹ್ಯಾಮರ್ ಪೂರ್ತಿ ಎಳೆದು ಅದರ ಮುಂದಿನ ಸಂದಿಯಲ್ಲಿ ಇಣುಕಿ. ಚಪ್ಪಟೆ ಪಟ್ಟಿಯೊಂದು ಕಂಡರೆ ಬದಲಾಗಿದೆ ಅಂತ ಲೆಕ್ಕ.

ಇನ್ನೊಂದು ಕೇಳಲೇಬೇಕಾದ್ದು ಸೀರಿಯಲ್ ನಂಬರ್. ರೂಗರ್ ಕಂಪನಿಯ ವೆಬ್‌ಸೈಟ್‌ನಲ್ಲೇ ನಂಬರ್ ಹಾಕಿ ಯಾವ ವರ್ಷದ್ದು ಅಂತ ನೋಡಬಹುದು. ಬ್ಲ್ಯಾಕ್‌ಹಾಕ್ ಶುರುವಾಗಿದ್ದು 1955ರಲ್ಲಿ. 1962ರವರೆಗಿನವುಗಳ ಮೇಲ್ಪಟ್ಟಿ (ಸಿಲಿಂಡರ್ ಮೇಲಿನ ಚೌಕಟ್ಟು) ಸಪಾಟಾಗಿರುತ್ತದೆ, ಅವುಗಳನ್ನು ಫ್ಲ್ಯಾಟ್‌ಟಾಪ್ ಅನ್ನುತ್ತಾರೆ. ಆಮೇಲಿನವುಗಳಲ್ಲಿ ಗುರಿ ನೋಡುವ ಹಿಂದಿನ ಸೈಟ್‌ನ ಎರಡೂ ಬದಿಗೆ ಗೋಡೆಯಂತೆ ಎತ್ತರಿಸಿದ ಅಂಚು ಇರುತ್ತದೆ. ಎರಡಕ್ಕೂ ಮೂರು ಸ್ಕ್ರೂ, ಆದರೆ ಫ್ಲ್ಯಾಟ್‌ಟಾಪ್‌ಗೆ ಬೇಡಿಕೆ ಬೇರೆಯೇ. ಮಾರುವವರಿಗೇ ಇದು ಗೊತ್ತಿಲ್ಲದೆ ಇರಬಹುದು.

ವರ್ಷ, ಮಾದರಿ ಗೊತ್ತಾದ ಮೇಲೆ ಬೆಲೆ ಹುಡುಕಿ. ಇಲ್ಲಿ ಬಹಳ ಜನ ಎಡವುತ್ತಾರೆ: ಆನ್‌ಲೈನ್‌ನಲ್ಲಿ ಯಾರೋ ಹಾಕಿರುವ ಬೆಲೆ ನೋಡಿ ಅದೇ ಮಾರುಕಟ್ಟೆ ದರ ಅಂದುಕೊಳ್ಳುತ್ತಾರೆ. ಅದು ಅವರ ಆಸೆ, ಅಷ್ಟೇ. ಹರಾಜು ಸೈಟ್‌ಗಳಲ್ಲಿ ಮುಗಿದ ಹರಾಜುಗಳನ್ನು ಮಾತ್ರ ತೋರಿಸು ಅನ್ನುವ ಆಯ್ಕೆ ಇರುತ್ತದೆ, ಅದರಲ್ಲಿ ನಿಜವಾಗಿ ಮಾರಾಟವಾದವನ್ನು ಮಾತ್ರ ತೆಗೆದುಕೊಳ್ಳಿ. ಅದೇ ಕ್ಯಾಲಿಬರ್, ಅದೇ ಬ್ಯಾರೆಲ್ ಉದ್ದ, ಅದೇ ಸ್ಥಿತಿ. ನಾಲ್ಕಾರು ಸಿಕ್ಕರೆ ಸಾಕು, ತುಂಬಾ ಮೇಲಿನದನ್ನೂ ತುಂಬಾ ಕೆಳಗಿನದನ್ನೂ ಬಿಟ್ಟು ನಡುವಿನದು ಹಿಡಿಯಿರಿ. ಕೋಲ್ಟ್‌ನ ಬೆಲೆ ತಂದು ಇದಕ್ಕೆ ಹೋಲಿಸಿದರೆ ಒಪ್ಪಬೇಡಿ. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ಬೇರೆಯದೇ ಲೋಕ, ಎರಡನೇ ಮಹಾಯುದ್ಧದ ಹೊತ್ತಿಗೆ ನಿಂತು 1956ರಲ್ಲಿ ಮತ್ತೆ ಶುರುವಾದ ಗನ್ ಅದು, ಅಲ್ಲಿ ಯಾವ ಕಾಲದ್ದು ಅನ್ನುವುದರ ಮೇಲೇ ಸಾವಿರಾರು ಡಾಲರ್ ವ್ಯತ್ಯಾಸ ಬರುತ್ತದೆ.

ಇನ್ನು ಗನ್ ಹೇಗಿದೆ ಅನ್ನುವುದು. ಮಾಲೀಕರ ಒಪ್ಪಿಗೆ ಕೇಳಿ, ಸಿಲಿಂಡರ್‌ಗೆ ಬೆರಳನ್ನು ಮೆಲ್ಲಗೆ ತಾಗಿಸಿಕೊಂಡು ಹ್ಯಾಮರ್ ನಿಧಾನವಾಗಿ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಲ್ಲುವಷ್ಟರಲ್ಲಿ ಸಿಲಿಂಡರ್ ತನ್ನ ಕಚ್ಚಿನಲ್ಲಿ ಕೂತಿರಬೇಕು. ಆರೂ ಕೋಣೆಗೆ ಹೀಗೇ ಮಾಡಿ, ಒಂದಕ್ಕೆ ಮಾಡಿ ಬಿಡಬೇಡಿ. ಆಮೇಲೆ ಸಿಲಿಂಡರ್ ಅನ್ನು ಹಿಂದೆ ಮುಂದೆ ಆಡಿಸಿ. ಸ್ವಲ್ಪ ಅಲುಗಿದರೆ ಪರವಾಗಿಲ್ಲ, ಕಟಕಟ ಅಂದರೆ ಗನ್ ಜೋರು ಗುಂಡು ತುಂಬಾ ತಿಂದಿದೆ ಅಂತ. ಸಿಲಿಂಡರ್‌ಗೂ ಬ್ಯಾರೆಲ್‌ಗೂ ನಡುವಿನ ಸಂದಿ 0.004ರಿಂದ 0.008 ಇಂಚು ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಬ್ಯಾರೆಲ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಕೊಳೆ, ಸೀಸ ಮೆತ್ತಿಕೊಂಡಿದ್ದರೆ ತೊಳೆದರೆ ಹೋಗುತ್ತದೆ. ತುಕ್ಕು ತಿಂದ ಗುಳಿ ಹೋಗುವುದಿಲ್ಲ, ಬ್ಯಾರೆಲ್ ಒಳಗೆ ಬಳೆಯ ಥರ ಉಬ್ಬಿದ ಕಪ್ಪು ಗೆರೆ ಇದ್ದರಂತೂ ಕೊಳ್ಳಲೇಬೇಡಿ. ಸಿಲಿಂಡರ್ ಸುತ್ತ ಸವೆದ ತೆಳು ಗೆರೆ ಇದ್ದರೆ ಗಾಬರಿ ಬೇಡ, ಬಳಸಿದ ಹಳೆ ಗನ್ನಿನಲ್ಲಿ ಅದು ಮಾಮೂಲು.

ಥಳಥಳ ಹೊಳೆಯುವ ಹಳೆ ಗನ್ ಕಂಡರೆ ಮಾತ್ರ ಅನುಮಾನ ಪಡಿ. ಅಕ್ಷರಗಳು ಮಸುಕಾಗಿವೆಯಾ, ಸ್ಕ್ರೂ ತೂತಿನ ಅಂಚು ತಟ್ಟೆಯ ಹಾಗೆ ತಗ್ಗಾಗಿದೆಯಾ, ಚೂಪಾಗಿರಬೇಕಾದ ಮೂಲೆಗಳು ದುಂಡಗಾಗಿವೆಯಾ ನೋಡಿ. ಆಗಿದ್ದರೆ ಯಾರೋ ಉಜ್ಜಿ ಹೊಸದಾಗಿ ಬ್ಲೂಯಿಂಗ್ (ಉಕ್ಕಿನ ಮೇಲಿನ ನೀಲಿ-ಕಪ್ಪು ಬಣ್ಣ) ಮಾಡಿಸಿದ್ದಾರೆ. ಅಲ್ಲಲ್ಲಿ ಬಣ್ಣ ಹೋಗಿರುವ, ಆದರೆ ಯಾರೂ ಕೈ ಹಚ್ಚದ ಗನ್ನಿಗೇ ನಾನು ಜಾಸ್ತಿ ಕೊಡುತ್ತೇನೆ.

ಡಬ್ಬಿ, ಕಾಗದ ಇದ್ದರೆ ಒಂದಿಷ್ಟು ಸೇರಿಸಿ. ಮಾರುವವರು ಬೇರೆ ರಾಜ್ಯದಲ್ಲಿದ್ದರೆ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಗನ್ ಕೈ ಬದಲಾಗಬೇಕು, ಅದು ಫೆಡರಲ್ ಕಾನೂನು. ಒಂದೇ ರಾಜ್ಯದೊಳಗೆ ಆ ರಾಜ್ಯದ ನಿಯಮ ನೋಡಿಕೊಳ್ಳಿ. ಡೀಲರ್ ಫೀಸು, ಕಳಿಸುವ ಖರ್ಚು ಎರಡನ್ನೂ 800ರ ಮೇಲೆ ಸೇರಿಸಿ, ಆ ಮೊತ್ತವನ್ನು ನೀವು ಹುಡುಕಿದ ನಡುವಿನ ಬೆಲೆಯ ಪಕ್ಕ ಇಡಿ. ಬದಲಾಯಿಸದ, ಬಿಗಿಯಾದ, ಉಜ್ಜದ ಗನ್ ಆಗಿದ್ದು ಲೆಕ್ಕ ಸರಿಹೊಂದಿದರೆ ಸುಮ್ನೆ ಚೌಕಾಸಿ ಮಾಡುತ್ತಾ ಕೂರದೆ ತೆಗೆದುಕೊಳ್ಳಿ. ಬದಲಾಗಿದ್ದು ಹಳೆ ಭಾಗಗಳೂ ಇಲ್ಲ ಅಂದರೆ, ಈಗ ಅಂಗಡಿಯಲ್ಲಿ ಹೊಸ ನ್ಯೂ ಮಾಡೆಲ್ ಬ್ಲ್ಯಾಕ್‌ಹಾಕ್ ಎಷ್ಟಕ್ಕೆ ಸಿಗುತ್ತದೆ ಅಂತ ವಿಚಾರಿಸಿ ಅದಕ್ಕಿಂತ ಕೆಳಗೇ ಮಾತು ಶುರು ಮಾಡಿ. ಸೀರಿಯಲ್ ನಂಬರಿನ ಮೊದಲ ಅಂಕಿಗಳು, ಹಿಂದಿನ ಸೈಟ್‌ನ ಫೋಟೋ ಎರಡನ್ನೂ ಇಲ್ಲಿ ಹಾಕಿದರೆ ಫ್ಲ್ಯಾಟ್‌ಟಾಪ್ ಹೌದಾ ಅಲ್ಲವಾ ಅಂತ ನಾನೇ ನೋಡಿ ಹೇಳುತ್ತೇನೆ.