ಸ್ಟಾರ್ ಟ್ರೆಕ್ ಹಳೆಯ ಸರಣಿಯಲ್ಲಿ ಹಾಸ್ಯದ ಎಪಿಸೋಡುಗಳನ್ನು ಬಿಟ್ಟು ನೋಡಬಹುದೇ?

ಅಮ್ಮನಿಗೆ ಗಂಭೀರವಾದವನ್ನಷ್ಟೇ ಆರಿಸಿ ತೋರಿಸಲೇ ಅಂತ ಕೇಳಿದ್ದೀರಿ. ಬೇಡ. ನಾನು ಅಪ್ಪನ ವಿಷಯದಲ್ಲಿ ಅದನ್ನೇ ಮಾಡಿದೆ.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಕಾಲು ಮುರಿದುಕೊಂಡು ಮೂರು ತಿಂಗಳು ಬೆಂಗಳೂರಿನ ನಮ್ಮ ಮನೆಯಲ್ಲಿದ್ದರು. ನನ್ನ ಪ್ರಾಣವಾಗಿದ್ದ, ಬಾಹ್ಯಾಕಾಶ ಹಡಗಿನವರ ಕಥೆಯ ಈ ಟಿವಿ ಸರಣಿಯನ್ನು ಅವರಿಗೂ ತೋರಿಸುವ ಆಸೆ. 1966ರಿಂದ 1969ರವರೆಗೆ ಬಂದ 79 ಎಪಿಸೋಡುಗಳಲ್ಲಿ ಹದಿನೈದನ್ನು ಆರಿಸಿದೆ. ಎಲ್ಲದರಲ್ಲೂ ಯುದ್ಧ, ಸಾವು, ತ್ಯಾಗ. ನಗು ಬರುವಂಥದ್ದು ಒಂದೂ ಇರಲಿಲ್ಲ. ಅಂಥವು ಅವರಿಗೆ ಹುಡುಗಾಟವಾಗಿ ಕಂಡರೆ ಅನ್ನುವ ಭಯ ನನಗೆ.

ಐದು ದಿನ ಮರ್ಯಾದೆಯಿಂದ ನೋಡಿದರು. ಆರನೆಯ ದಿನ ಪೇಪರ್ ಕೈಗೆತ್ತಿಕೊಂಡು, "ಇವರೆಲ್ಲ ಯಾವಾಗ್ಲೂ ಸಾಯೋ ಗಡಿಬಿಡೀಲೇ ಇರ್ತಾರಲ್ಲೋ, ಊಟಗೀಟ ಮಾಡಲ್ವಾ?" ಅಂದರು. ಅಲ್ಲಿಗೆ ಮುಗಿಯಿತು.

ನನ್ನ ತಪ್ಪು ಏನೆಂದು ಬಿಡಿಸಿ ಹೇಳುತ್ತೇನೆ. 'ದ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್'ನಲ್ಲಿ ಹಡಗಿನ ಕ್ಯಾಪ್ಟನ್ ಕಿರ್ಕ್ ತಾನು ಪ್ರೀತಿಸಿದವಳನ್ನು ಕಣ್ಣೆದುರೇ ಸಾಯಲು ಬಿಡಬೇಕಾಗುತ್ತದೆ. ಅದನ್ನು ನೋಡಿದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತಿದ್ದದ್ದು ಅವನು ನಗುವುದನ್ನು, ಪೇಚಿಗೆ ಸಿಕ್ಕುವುದನ್ನು ನಾನು ಅಷ್ಟು ಸಲ ಕಂಡಿದ್ದರಿಂದ. ಅಪ್ಪ ಕಂಡಿರಲಿಲ್ಲ. ಪರಿಚಯವೇ ಇಲ್ಲದವರ ಮನೆಗೆ ಸೂತಕದ ದಿನ ಕರೆದುಕೊಂಡು ಹೋಗಿ, ಅಳಲಿಲ್ಲ ಯಾಕೆ ಅಂತ ಅವರ ಮುಖ ನೋಡುತ್ತಾ ಕೂತಿದ್ದೆ.

ಎರಡು ವರ್ಷದ ನಂತರ ದಸರಾ ರಜೆಗೆ ಊರಿಗೆ ಹೋದಾಗ 'ದ ಟ್ರಬಲ್ ವಿತ್ ಟ್ರಿಬಲ್ಸ್' ನೋಡುತ್ತಿದ್ದೆ. 1967ರ ಡಿಸೆಂಬರಿನಲ್ಲಿ ಬಂದದ್ದು, ಡೇವಿಡ್ ಜೆರಾಲ್ಡ್ ಬರೆದದ್ದು. ತಿನ್ನುವುದು, ಮರಿ ಹಾಕುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಟ್ರಿಬಲ್ ಅನ್ನುವ ತುಪ್ಪಳದ ಉಂಡೆಗಳು ಹಡಗು, ಉಗ್ರಾಣ ಎಲ್ಲ ತುಂಬಿಕೊಳ್ಳುತ್ತವೆ. ಅಪ್ಪ ಪಕ್ಕದಲ್ಲಿ ಬಂದು ಕೂತರು. ಉಗ್ರಾಣದಲ್ಲಿ 17,71,561 ಇವೆ ಅಂತ ಚೂಪುಕಿವಿಯ, ತರ್ಕ ಬಿಟ್ಟು ಮಾತಾಡದ ಅಧಿಕಾರಿ ಸ್ಪಾಕ್ ಹೇಳಿದ ಲೆಕ್ಕವನ್ನು ನಾನು ಕನ್ನಡದಲ್ಲಿ ಹೇಳಿದೆ. "ನಿಲ್ಸು" ಅಂದು ಮದುವೆ ಕಾಗದದ ಹಿಂದೆ ಬರೆಯತೊಡಗಿದರು. ಒಂದಕ್ಕೆ ಹತ್ತು ಮರಿ, ತಾಯಿ ಸೇರಿ ಹನ್ನೊಂದು. ಹನ್ನೆರಡು ಗಂಟೆಗೊಂದು ತಲೆಮಾರು, ಮೂರು ದಿನಕ್ಕೆ ಆರು. ಹನ್ನೊಂದರ ಆರನೇ ಘಾತ. "ಸರಿಯಾಗಿದೆ ಕಣೋ!"

ಶತ್ರು ಜನಾಂಗದ ಕ್ಲಿಂಗನ್ನರು ಕ್ಯಾಪ್ಟನ್‌ನನ್ನು ಬೈದಾಗ ಸುಮ್ಮನಿದ್ದ ಹಡಗಿನ ಎಂಜಿನಿಯರ್ ಸ್ಕಾಟಿ, ಹಡಗನ್ನು ಕಸ ಅಂದಾಗ ಗುದ್ದುತ್ತಾನೆ. ಶಿಕ್ಷೆಯಾಗಿ ಕೋಣೆಯಲ್ಲೇ ಇರು ಅಂದರೆ, ತಾಂತ್ರಿಕ ಪತ್ರಿಕೆ ಓದಲು ಸಮಯ ಸಿಕ್ಕಿತು ಅಂತ ಖುಷಿಪಡುತ್ತಾನೆ. ಅಪ್ಪ ಕಣ್ಣೊರೆಸಿಕೊಂಡು ನಕ್ಕು, "ಇದನ್ನ ಮೊದಲೇ ಯಾಕೆ ತೋರಿಸ್ಲಿಲ್ಲ?" ಅಂದರು. ಆ ಹೊತ್ತಿಗೆ ಅವರ ಕಿವಿ ಮಂದವಾಗಿತ್ತು, ಸಬ್‌ಟೈಟಲ್ ಓದಲು ಕಣ್ಣು ಸಾಲುತ್ತಿರಲಿಲ್ಲ. ಪ್ರತಿ ಮಾತಿಗೂ ನಿಲ್ಲಿಸಿ ಕಿವಿಯ ಹತ್ತಿರ ಹೇಳಬೇಕಿತ್ತು. ಎರಡೂ ಚೆನ್ನಾಗಿದ್ದ ಆ ಮೂರು ತಿಂಗಳನ್ನು ನಾನು ಕೈಯಾರೆ ಕಳೆದಿದ್ದೆ.

ನೀವು ಮಾಡಿಕೊಂಡಿರುವ ಹಾಸ್ಯ, ಗಂಭೀರ ಅನ್ನುವ ವಿಭಾಗವನ್ನೇ ನಾನು ಒಪ್ಪುವುದಿಲ್ಲ. ಟ್ರಿಬಲ್‌ಗಳ ಕಥೆಯ ತಳದಲ್ಲಿರುವುದು ಒಂದು ಗ್ರಹದ ಜನರಿಗೆ ಹೋಗಬೇಕಾದ ಧಾನ್ಯಕ್ಕೆ ವಿಷ ಬೆರೆಸಿದ ಸಂಚು. ಸತ್ತ ಟ್ರಿಬಲ್‌ಗಳಿಂದಲೇ ವಿಷ ಬಯಲಾಗುತ್ತದೆ. ವೇಷ ಮರೆಸಿಕೊಂಡ ಶತ್ರುವನ್ನು ಬದುಕಿದ್ದ ಟ್ರಿಬಲ್ ಕಿರುಚಿ ಹಿಡಿದುಕೊಡುತ್ತದೆ. ಇದಕ್ಕಿಂತ ಗಂಭೀರ ಇನ್ನೇನು ಬೇಕು? ಆಗ ಹಾಸ್ಯಕ್ಕೆ ಜಾಗ ಕೊಟ್ಟವರು ನಿರ್ಮಾಪಕ ಜೀನ್ ಕೂನ್. ಅವರು ಆ ಹುದ್ದೆ ಬಿಟ್ಟ ಮೇಲೆ ಬಂದ ಮೂರನೆಯ ಸೀಸನ್ನು ನನಗೆ ಒಣಗಿದಂತೆ ಕಾಣುವುದು ಅದಕ್ಕೇ.

ಮೊದಲು ಟ್ರಿಬಲ್ಸ್ ಹಾಕಿ. ಆಮೇಲೆ 'ಎ ಪೀಸ್ ಆಫ್ ದಿ ಆಕ್ಷನ್': ಹಿಂದೆ ಬಂದ ಹಡಗಿನವರು ಬಿಟ್ಟುಹೋದ ಶಿಕಾಗೋ ಗ್ಯಾಂಗ್‌ಗಳ ಪುಸ್ತಕವನ್ನೇ ಧರ್ಮಗ್ರಂಥ ಮಾಡಿಕೊಂಡ ಗ್ರಹ. 'ಐ, ಮಡ್' ಈಗಲೇ ಬೇಡ. ಸ್ಪಾಕ್ ಹೇಗಿರುತ್ತಾನೆಂದು ಗೊತ್ತಾದ ಮೇಲೆಯೇ ಅವನು ರೋಬೋಟುಗಳ ಮುಂದೆ ಅರ್ಥವಿಲ್ಲದ್ದು ಮಾತಾಡುವುದು ರುಚಿಸುತ್ತದೆ. 'ಸಿಟಿ' ಎಪಿಸೋಡನ್ನು ಅಮ್ಮ ತಾವಾಗಿಯೇ "ಇವತ್ತು ಆ ಕಿವಿಯವನದ್ದು ಇಲ್ವಾ?" ಅಂತ ಕೇಳುವ ದಿನಕ್ಕೆ ಇಟ್ಟುಕೊಳ್ಳಿ.